ನಿಕಲ್ಲಿನ ಪಾಲು ಯಾರ ಪಾಲು?

ಸಂಜೆ ಏಳು ಗಂಟೆಗೆ ಹೂಡಿಯ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ಬರುವ ಜನಸಂದಣಿಯನ್ನು ಕಂಡವರಿಗೆ, ಇದೊಂದು ಕಾಲಕ್ಕೆ ಬೆಂಗಳೂರಿನಿಂದ ದೂರವಿದ್ದ ಹಳ್ಳಿಯೆಂದರೆ ನಂಬಿಕೆ ಬರುವುದು ಕಷ್ಟ. ನೇರಳೆ ಮಾರ್ಗದ ಗಾಡಿಗಳು ಇಲ್ಲಿ ನಿಲ್ಲತೊಡಗಿದ್ದು 2023ರ ಮಾರ್ಚಿನಲ್ಲಿ. ಆದರೆ ಜಗತ್ತಿನ ದೊಡ್ಡ ಕಂಪೆನಿಗಳಿಗೆ ಹೂಡಿಯ ಪರಿಚಯವಾದದ್ದು ಅದಕ್ಕಿಂತ ಬಹಳ ಮುಂಚೆ. 2000ದಲ್ಲಿ ಆರಂಭವಾದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರದ ಅಂಚೆ ವಿಳಾಸದಲ್ಲಿ 'ಹೂಡಿ ಗ್ರಾಮ' ಎಂಬ ಎರಡು ಮಾತು ಸೇರಿಕೊಂಡಿತ್ತು. ಗ್ರಾಮದ ಹೆಸರು ಹೊತ್ತ ಕಾಗದಗಳು ಅಮೆರಿಕದ ಕಚೇರಿಗಳಿಗೆ ಹೋಗಿಬರುತ್ತಿದ್ದ ಆ ದಿನಗಳಲ್ಲಿ ಹೂಡಿಯ ರಸ್ತೆಗಳಿಗೆ ಇನ್ನೂ ಸರಿಯಾದ ಡಾಂಬರು ಬಿದ್ದಿತ್ತೋ ಇಲ್ಲವೋ!

ನಿಲ್ದಾಣದಿಂದ ಅಷ್ಟು ದೂರವಲ್ಲದ ಒಂದು ವೃತ್ತಕ್ಕೆ ಇಂದಿಗೂ 'ಗ್ರಾಫೈಟ್ ಇಂಡಿಯಾ' ಎಂದೇ ಹೆಸರು. ಉಕ್ಕಿನ ಕುಲುಮೆಗಳಿಗೆ ಬೇಕಾದ ಗ್ರಾಫೈಟ್ ದಂಡಗಳನ್ನು ತಯಾರಿಸುತ್ತಿದ್ದ ಆ ಕಾರ್ಖಾನೆ 2019ರಲ್ಲಿ ಬಾಗಿಲು ಹಾಕಿತು. ಹೆಸರು ಮಾತ್ರ ಬಸ್ಸಿನ ಕಂಡಕ್ಟರರ ಬಾಯಲ್ಲಿ ಉಳಿದುಕೊಂಡಿತು. ಇದರಲ್ಲೊಂದು ಸ್ವಾರಸ್ಯವಿದೆ. ಈ ಭಾಗದ ಪ್ರತಿಯೊಂದು ಬಹುಮಹಡಿ ವಸತಿಯ ನೆಲಮಾಳಿಗೆಯಲ್ಲಿ ರಾತ್ರಿಯಿಡೀ ವಿದ್ಯುತ್ತನ್ನು ಹೀರುತ್ತ ನಿಂತಿರುವ ಸ್ಕೂಟರುಗಳ ಹೊಟ್ಟೆಯಲ್ಲಿಯೂ ಇರುವುದು ಗ್ರಾಫೈಟೇ. ಏಥರ್ ಕಂಪೆನಿಯ ಮೊದಲ ಸ್ಕೂಟರುಗಳು 2018ರಲ್ಲಿ ಹೊರಬಂದದ್ದು ಇದೇ ವೈಟ್‌ಫೀಲ್ಡ್ ಕಡೆಯ ಕಾರ್ಖಾನೆಯಿಂದ; 2021ರ ಹೊತ್ತಿಗೆ ಆ ತಯಾರಿಕೆ ಹೊಸೂರಿಗೆ ಹೊರಟುಹೋಯಿತು. ಸ್ಕೂಟರಿನ ಚೌಕಟ್ಟು ನಮ್ಮದು, ಅದನ್ನು ನಡೆಸುವ ತಂತ್ರಾಂಶ ನಮ್ಮದು, ಜೋಡಿಸಿದ ಕೈ ನಮ್ಮದು. ಆದರೆ ಬ್ಯಾಟರಿಯ ಒಳಗಿನ ಕೋಶ, ಆ ಕೋಶದ ಒಳಗಿನ ಕಪ್ಪು ಪುಡಿ? ಅದರ ಒಡೆಯರು ಯಾರು?

ಈ ಪ್ರಶ್ನೆ ಮೇಲುನೋಟಕ್ಕೆ ರಸಾಯನಶಾಸ್ತ್ರದ್ದು. ಒಳಹೊಕ್ಕು ನೋಡಿದರೆ ಇದು ಮನೆಯ ಪಾಲಿನ ವ್ಯಾಜ್ಯದಂತೆಯೇ ಇದೆ.

ಕಪ್ಪು ಪುಡಿಯ ಕಥೆ

ಲಿಥಿಯಂ ಬ್ಯಾಟರಿಯ ಕೋಶದಲ್ಲಿ ಎರಡು ಬದಿಗಳುಂಟು. ಒಂದು ಬದಿಯಲ್ಲಿ ಗ್ರಾಫೈಟ್. ಇನ್ನೊಂದು ಬದಿಯಲ್ಲಿ, ಅಂದರೆ ಪ್ಲಸ್ ಗುರುತಿನ ಬದಿಯಲ್ಲಿ, ತೆಳುವಾದ ಅಲ್ಯೂಮಿನಿಯಂ ಹಾಳೆಗೆ ಬಳಿದ ಒಂದು ಕಪ್ಪು ಪುಡಿ. ಇದಕ್ಕೆ ಕ್ಯಾಥೋಡ್ ಎಂದು ಹೆಸರು. ಈ ಪುಡಿಯ ಪ್ರತಿಯೊಂದು ಕಣವೂ ಪದರ ಪದರವಾಗಿ ಕಟ್ಟಿದ ಮನೆಯಂತೆ. ಲೋಹ ಮತ್ತು ಆಮ್ಲಜನಕ ಸೇರಿದ ಪದರಗಳು ಗೋಡೆಗಳು. ಅವುಗಳ ನಡುವಣ ಕೋಣೆಗಳಲ್ಲಿ ವಾಸ ಮಾಡುವುದು ಲಿಥಿಯಂ. ಚಾರ್ಜು ಮಾಡುವಾಗ ಲಿಥಿಯಂ ಇಲ್ಲಿಂದ ಹೊರಟು ಗ್ರಾಫೈಟಿನ ಪದರಗಳೊಳಗೆ ಹೋಗಿ ಕೂರುತ್ತದೆ. ಗಾಡಿ ಓಡುವಾಗ ಮರಳಿ ತವರಿಗೆ ಬರುತ್ತದೆ. ಒಂದು ಗ್ರಾಂ ಪುಡಿಯಿಂದ ಎಷ್ಟು ಲಿಥಿಯಂ ಹೋಗಿ ಬರಬಲ್ಲುದೋ ಅಷ್ಟು ದೂರ ಗಾಡಿ ಓಡುತ್ತದೆ.

ಗೋಡೆಗೆ ಯಾವ ಲೋಹ ಬೇಕು? 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಕೋಬಾಲ್ಟಿನಿಂದ ಆಗುತ್ತದೆಂದು ತೋರಿಸಿಕೊಟ್ಟರು. 1991ರಲ್ಲಿ ಸೋನಿ ಕಂಪೆನಿ ಅದನ್ನು ಮಾರುಕಟ್ಟೆಗೆ ತಂದಿತು. ಆದರೆ ಕೋಬಾಲ್ಟ್ ದುಬಾರಿ. ಜಗತ್ತಿಗೆ ಬೇಕಾದ ಬಹುಪಾಲು ಕೋಬಾಲ್ಟ್ ಬರುವುದು ಕಾಂಗೋ ದೇಶವೊಂದರಿಂದಲೇ. ಆದ್ದರಿಂದ ಎಲ್ಲರ ಕಣ್ಣೂ ನಿಕಲ್ಲಿನ ಮೇಲೆ ಬಿದ್ದಿತು. ಲಿಥಿಯಂ ಮತ್ತು ನಿಕಲ್ ಕೂಡಿದ ಆಕ್ಸೈಡು ಹೊಸತೇನಲ್ಲ. 1954ರಷ್ಟು ಹಿಂದೆಯೇ ಅಮೆರಿಕದ ರಸಾಯನಶಾಸ್ತ್ರದ ಪತ್ರಿಕೆಯೊಂದರಲ್ಲಿ ಅದರ ವರ್ಣನೆ ಅಚ್ಚಾಗಿತ್ತು. ಆಗ ಅದರಿಂದ ಬ್ಯಾಟರಿ ಮಾಡಬಹುದೆಂಬ ಯೋಚನೆ ಯಾರಿಗೂ ಇರಲಿಲ್ಲ. ಅಷ್ಟೇ. ಈ ವರ್ಷವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಕಾನೂನಿನ ಅಂಗಳದಲ್ಲಿ ಅದು ಮತ್ತೆ ಕಾಣಿಸಿಕೊಳ್ಳಲಿದೆ.

ನಿಕಲ್ ಉದಾರಿ, ಆದರೆ ಒರಟ. ಕೋಬಾಲ್ಟಿನ ಪುಡಿ ಗ್ರಾಂ ಒಂದಕ್ಕೆ ಸುಮಾರು 140 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ಕೊಟ್ಟರೆ, ನಿಕಲ್ ಹೆಚ್ಚಾಗಿರುವ ಪುಡಿ 200ರ ಹತ್ತಿರ ಹೋಗುತ್ತದೆ. ಆದರೆ ಲಿಥಿಯಂ ಹೊರಗೆ ಹೋದ ಸಮಯ ನೋಡಿ, ಗಾತ್ರದಲ್ಲಿ ಹೆಚ್ಚುಕಡಿಮೆ ಅದರಷ್ಟೇ ಇರುವ ನಿಕಲ್ ಮೆಲ್ಲನೆ ಜರುಗಿ ಅದರ ಕೋಣೆಯಲ್ಲಿ ಕೂತುಬಿಡುತ್ತದೆ. ಮನೆಯವರು ಜಾತ್ರೆಗೆ ಹೋದಾಗ ಪಕ್ಕದ ಮನೆಯವನು ಬಂದು ಪಡಸಾಲೆ ಹಿಡಿದ ಹಾಗೆ. ಇಷ್ಟೇ ಅಲ್ಲ. ಪೂರ್ತಿ ಚಾರ್ಜಾಗುವ ಹೊತ್ತಿಗೆ ಕಣ ಥಟ್ಟನೆ ಕುಗ್ಗಿ ಬಿರುಕು ಬಿಡುತ್ತದೆ. ಕಾವೇರಿದರೆ ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಗಾಳಿಯ ತೇವ ತಗುಲಿದರೆ ಕಣದ ಮೈಮೇಲೆ ಕ್ಷಾರ ಹುಟ್ಟಿ, ಹಾಳೆಗೆ ಬಳಿಯಲು ಕಲಸಿದ ಮಿಶ್ರಣ ಆರಿದ ಗಂಜಿಯಂತೆ ಗಟ್ಟಿಯಾಗುತ್ತದೆ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಸುದ್ದಿ ಓದಿ, ನೆಲಮಾಳಿಗೆಯಲ್ಲಿ ಚಾರ್ಜು ಮಾಡಬಾರದೆಂದು ಅನೇಕ ವಸತಿ ಸಂಘಗಳಲ್ಲಿ ವಾದ ನಡೆದದ್ದುಂಟು. ಬೆಂಕಿಗೆ ಕಾರಣಗಳು ಹಲವಿರುತ್ತವೆ. ಎಲ್ಲ ತಪ್ಪನ್ನೂ ನಿಕಲ್ಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಕೋಶ ಹೆಚ್ಚು ಶಕ್ತಿಯನ್ನು ಹಿಡಿದಷ್ಟೂ ಅದರ ಕಾವಲು ಹೆಚ್ಚಿರಬೇಕು ಎಂಬುದಂತೂ ನಿಜ.

ಹೀಗಾಗಿ ಮೂರು ಲೋಹಗಳ ರಾಜಿಸೂತ್ರವೊಂದು ಹುಟ್ಟಿತು. ನಿಕಲ್ ಶಕ್ತಿಗೆ, ಮ್ಯಾಂಗನೀಸ್ ಸ್ಥಿರತೆಗೆ, ಕೋಬಾಲ್ಟ್ ಶಿಸ್ತಿಗೆ. ಮೊದಲು ಮೂರೂ ಸಮಪಾಲು; ಆಮೇಲೆ ಆರು-ಎರಡು-ಎರಡು; ಈಗ ಎಂಟು-ಒಂದು-ಒಂದು. ಈ ಎಂಟು-ಒಂದು-ಒಂದನ್ನೂ ಅದಕ್ಕಿಂತ ಮೇಲಿನವನ್ನೂ 'ನಿಕಲ್ ಸಮೃದ್ಧ' ಎಂದು ಕರೆಯುವುದು ವಾಡಿಕೆ.

ಸಾರಿನ ಪುಡಿಗೆ ಪೇಟೆಂಟುಂಟೆ?

ಇಲ್ಲಿಂದ ಮುಂದೆ ವಕೀಲರ ಪ್ರವೇಶ.

ಮಲ್ಲೇಶ್ವರದ ಗೃಹಿಣಿಯೊಬ್ಬರು ಸಾರಿನ ಪುಡಿಗೆ ಮೂರು ಪಾವು ಧನಿಯಾಕ್ಕೆ ಒಂದು ಪಾವು ಮೆಣಸಿನಕಾಯಿ ಹಾಕುತ್ತಾರೆಂದು ಇಟ್ಟುಕೊಳ್ಳೋಣ. ಓರಗಿತ್ತಿ ಅದನ್ನೇ ಮೂರೂಕಾಲು ಪಾವು ಮಾಡಿ, "ಇದು ನನ್ನ ಉಪಜ್ಞೆ, ಇಪ್ಪತ್ತು ವರ್ಷ ಇನ್ನಾರೂ ಹೀಗೆ ಮಾಡಕೂಡದು" ಎಂದರೆ ಮನೆಮಂದಿ ನಕ್ಕಾರು. ಆದರೆ ಆ ಕಾಲು ಪಾವಿನಿಂದ ಸಾರು ಮೂರು ದಿನ ಹಳಸದೆ ಉಳಿಯುವುದಾದರೆ? ಹಾಗಾಗುತ್ತದೆಂದು ಅಡಿಗೆಯಲ್ಲಿ ನುರಿತವರು ಯಾರೂ ಊಹಿಸಿರಲಿಲ್ಲವಾದರೆ? ಆಗ ನಗು ನಿಂತು ಆಲೋಚನೆ ಶುರುವಾಗುತ್ತದೆ. ನಿಕಲ್ ಸಮೃದ್ಧ ಕ್ಯಾಥೋಡಿನ ಪೇಟೆಂಟು ವ್ಯವಹಾರವೆಲ್ಲ ನಿಂತಿರುವುದು ಈ ಕಾಲು ಪಾವಿನ ಮೇಲೆ.

ಭಾರತದ 1970ರ ಪೇಟೆಂಟು ಕಾಯಿದೆ ಅರ್ಜಿದಾರನನ್ನು ಮೊದಲಿಗೆ ಕೇಳುವುದು ಮೂರು ಮಾತು. ವಸ್ತು ಹೊಸತೆ? ಕೈಗಾರಿಕೆಗೆ ಬರುವಂಥದೆ? ಉಪಜ್ಞೆಯ ಹೆಜ್ಜೆಯೊಂದು ಅದರಲ್ಲಿ ಇದೆಯೆ? ಮೂರನೆಯದೇ ಕಠಿಣ. ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಇದ್ದು, ಆ ವಿದ್ಯೆಯಲ್ಲಿ ಪಳಗಿದವನಿಗೆ ಸಹಜವಾಗಿ ಹೊಳೆಯದಂಥ ಹೆಜ್ಜೆ ಅದಾಗಿರಬೇಕು. ಇದರ ಅರ್ಥವನ್ನು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು ಬ್ಯಾಟರಿಯ ಮೊಕದ್ದಮೆಯಲ್ಲಲ್ಲ, ಪಾತ್ರೆಗಳ ಮೊಕದ್ದಮೆಯಲ್ಲಿ! ಲೋಹದ ಪಾತ್ರೆಗಳನ್ನು ಲೇತಿಗೆ ಹಿಡಿಸಿ ನಯಗೊಳಿಸುವ ಸಾಧನವೊಂದಕ್ಕೆ ಕಾರ್ಖಾನೆಯವರು ಪೇಟೆಂಟು ಪಡೆದಿದ್ದರು. ಕೆಲಸದ ಮನೆಯಲ್ಲಿ ನುರಿತ ಕುಶಲಕರ್ಮಿ ತಾನೇ ಮಾಡಿಕೊಳ್ಳಬಹುದಾದ ಸುಧಾರಣೆ ಉಪಜ್ಞೆಯಲ್ಲವೆಂದು 1978ರಲ್ಲಿ ತೀರ್ಪು ಬಂದು ಆ ಪೇಟೆಂಟು ಉಳಿಯಲಿಲ್ಲ. ಚೊಂಬು ತಟ್ಟೆಗಳಿಗೆಂದು ಹಾಕಿದ ಆ ಅಳತೆಗೋಲಿನಲ್ಲೇ ಇಂದು ಚೆನ್ನೈನ ಪೇಟೆಂಟು ಕಚೇರಿ ಕ್ಯಾಥೋಡ್ ಪುಡಿಯನ್ನೂ ಅಳೆಯುತ್ತದೆ. (ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈಗೇ ಹೋಗಬೇಕು.)

ಇನ್ನೊಂದು ಸಂಗತಿ ಇಂದಿನ ತರುಣರಿಗೆ ವಿಚಿತ್ರವಾಗಿ ತೋರಬಹುದು. 2005ಕ್ಕೆ ಮುಂಚೆ ಈ ಪುಡಿಗೆ ಭಾರತದಲ್ಲಿ ಪೇಟೆಂಟೇ ದೊರೆಯುವಂತಿರಲಿಲ್ಲ. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಒಪ್ಪಿಸಿದ ವರದಿಯ ಬುನಾದಿಯ ಮೇಲೆ ಕಟ್ಟಿದ ಕಾಯಿದೆಯಲ್ಲಿ, ರಾಸಾಯನಿಕ ಕ್ರಿಯೆಯಿಂದ ತಯಾರಾದ ವಸ್ತುಗಳಿಗೆ ಹಕ್ಕಿಲ್ಲ, ಅವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಎಂಬ ಕಟ್ಟಳೆಯಿತ್ತು. ಜನಕ್ಕೆ ಔಷಧ ಅಗ್ಗವಾಗಿ ಸಿಗಲೆಂದು ಮಾಡಿದ ಏರ್ಪಾಡು ಅದು. ಆದರೆ ಮಿಶ್ರಲೋಹ, ಅರೆವಾಹಕಗಳೂ ಅದರ ಬಲೆಗೆ ಬಿದ್ದಿದ್ದವು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ತಕ್ಕಂತೆ 2005ರಲ್ಲಿ ಆ ಕಟ್ಟಳೆ ಹೋಯಿತು. ಹೋಗುವಾಗ ಬಾಗಿಲಿಗೆ ಒಂದು ಚಿಲಕವನ್ನು ಬಲವಾಗಿ ಹಾಕಿಯೇ ಹೋಯಿತು. ಅದೇ 3(ಡಿ) ಕಲಮು.

ತಿಳಿದಿರುವ ವಸ್ತುವಿನ ಹೊಸ ರೂಪವನ್ನು ಬರಿದೆ ಕಂಡುಹಿಡಿದರೆ ಸಾಲದು, ಅದರ ಪರಿಣಾಮಶಕ್ತಿ ಹೆಚ್ಚಿದ್ದರೆ ಮಾತ್ರ ಅದು ಉಪಜ್ಞೆ ಎಂಬುದು ಈ ಕಲಮಿನ ಸಾರ. ಅದಕ್ಕೆ ಲಗತ್ತಾದ ವಿವರಣೆಯಲ್ಲಿ ಲವಣ, ಸ್ಫಟಿಕದ ಬೇರೆ ರೂಪ, ಶುದ್ಧರೂಪ, ಕಣದ ಗಾತ್ರ, ಸಂಯೋಗಗಳು ಎಂದು ಮುಂತಾಗಿ ಪಟ್ಟಿಯೇ ಇದೆ. ಗುಣಗಳಲ್ಲಿ ಗಣನೀಯ ವ್ಯತ್ಯಾಸವಿಲ್ಲದಿದ್ದರೆ ಇವೆಲ್ಲ ಹಳೆಯ ವಸ್ತುವೇ ಸರಿ. ಗ್ಲಿವೆಕ್ ಎಂಬ ರಕ್ತದ ಕ್ಯಾನ್ಸರಿನ ಔಷಧಿಯ ವಿಷಯದಲ್ಲಿ ನೊವಾರ್ಟಿಸ್ ಕಂಪೆನಿ ಈ ಚಿಲಕವನ್ನು ಅಲುಗಾಡಿಸಿ ನೋಡಿತು; 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಅದನ್ನು ಭದ್ರಪಡಿಸಿತು.

ಔಷಧಿಗೆಂದು ಹಾಕಿದ ಚಿಲಕ ಬ್ಯಾಟರಿಗೇಕೆ ತಗುಲಬೇಕು ಎಂದು ಕೇಳಬಹುದು. ಕಲಮಿನಲ್ಲಿ 'ಔಷಧ' ಎಂಬ ಮಾತಿಲ್ಲ, 'ವಸ್ತು' ಎಂದಿದೆ, ಆದ್ದರಿಂದ ತಗುಲುತ್ತದೆ. ಆದರೆ ಅದೇ ತೀರ್ಪಿನಲ್ಲಿ ಬಹು ಉಪಯುಕ್ತವಾದ ಮಾತೊಂದು ಬಂದಿದೆ. ಪರಿಣಾಮಶಕ್ತಿಯನ್ನು ಆ ವಸ್ತುವಿನ ಉದ್ದೇಶ ನೋಡಿ ಅಳೆಯಬೇಕೆಂದೂ, ಔಷಧಿಯಾದರೆ ರೋಗ ಗುಣಪಡಿಸುವ ಶಕ್ತಿಯೇ ಅಳತೆಯೆಂದೂ ನ್ಯಾಯಮೂರ್ತಿಗಳು ಹೇಳಿದರು. ಹಾಗಾದರೆ ಕ್ಯಾಥೋಡಿನ ಉದ್ದೇಶವೇನು? ವಿದ್ಯುತ್ತನ್ನು ಹಿಡಿದಿಡುವುದು, ಸಾವಿರ ಸಲ ಹಿಡಿದು ಬಿಟ್ಟರೂ ಬಸವಳಿಯದಿರುವುದು, ಕಾವಿಗೆ ತಾಳುವುದು. ಅಳತೆ ಇವುಗಳಲ್ಲೇ ನಡೆಯಬೇಕು. ಈ ದೃಷ್ಟಿಯಿಂದ ನೋಡಿದರೆ 3(ಡಿ) ಕಲಮು ಬ್ಯಾಟರಿಯ ವಿದ್ಯೆಗೆ ಶತ್ರುವೆಂದು ಕೂಗಾಡಬೇಕಾದ್ದಿಲ್ಲ. ಔಷಧಿಯ ಗುಣ ಸಾಧಿಸಲು ರೋಗಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ನಡೆಯಬೇಕು. ಕೋಶದ ಗುಣವನ್ನು ಪ್ರಯೋಗಶಾಲೆಯ ಮೇಜಿನ ಮೇಲೆ ಅಂಕಿಗಳಲ್ಲಿ ತೋರಿಸಬಹುದು. ಒರೆಗಲ್ಲು ಕಠಿಣವಾಗಿದೆಯೆಂದು ದೂರುವುದು ಚಿನ್ನಕ್ಕೆ ಶೋಭಿಸುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೂಡಿಯ ಬಾಡಿಗೆ ಮಳಿಗೆಯೊಂದರಲ್ಲಿ ಕುಲುಮೆಯಿಟ್ಟುಕೊಂಡ ತರುಣನೊಬ್ಬ, ನೂರಕ್ಕೆ ಎಂಬತ್ತಮೂರು ಪಾಲು ನಿಕಲ್ ಇರುವ ಪುಡಿ ಮಾಡಿದ್ದಾನೆ. "ಎಂಬತ್ತರಿಂದ ತೊಂಬತ್ತರವರೆಗೆ ನಿಕಲ್ ಇರುವ ಎಲ್ಲ ಪುಡಿಯೂ ನನ್ನದು" ಎಂದು ಅವನು ಅರ್ಜಿ ಬರೆದರೆ, ಪರೀಕ್ಷಕರು ಮೊದಲು ತೆಗೆದಿಡುವುದು ಎಂಟು-ಒಂದು-ಒಂದರ ಹಳೆಯ ಪ್ರಬಂಧಗಳನ್ನು. ಅದರಾಚೆಗೆ, ಪೂರ್ತಿ ನಿಕಲ್ಲಿನದೇ ಆದ 1954ರ ಆ ವಸ್ತುವನ್ನು. ಆಚೆಗೂ ಗೊತ್ತು, ಈಚೆಗೂ ಗೊತ್ತು. ನಡುವಿನ ಒಂದು ಅಂಕಿಯನ್ನು ಆರಿಸಿದ ಮಾತ್ರಕ್ಕೆ ಏನಾಯಿತು? ಪಾಲು ಹೆಚ್ಚಿದರೆ ಶಕ್ತಿ ಹೆಚ್ಚುವುದು ಈ ವಿದ್ಯೆಯವರಿಗೆಲ್ಲ ಗೊತ್ತಿರುವ ಸಂಗತಿ. ಹೀಗೆ ಬರೆದ ಅರ್ಜಿ ಬಾಳುವುದಿಲ್ಲ.

ಅದೇ ತರುಣ ಬೇರೊಂದು ರೀತಿಯಲ್ಲಿ ಬರೆಯಬಹುದು. ಎಂಬತ್ತಮೂರರಲ್ಲಿ, ಇಂಥ ಕಾವಿನಲ್ಲಿ, ಇಂಥ ಲೇಪನ ಕೊಟ್ಟಾಗ ಬಿರುಕು ನಿಂತುಹೋಯಿತು. ಎಂಬತ್ತರಲ್ಲಿ ಆ ಲೇಪನದಿಂದ ಏನೂ ಆಗಲಿಲ್ಲ, ಎಂಬತ್ತಾರರಲ್ಲೂ ಆಗಲಿಲ್ಲ. ಇಗೋ ಮೂರರ ಅಂಕಿಗಳೂ ಅಕ್ಕಪಕ್ಕದಲ್ಲಿ. ಈಗ ಪರೀಕ್ಷಕರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ನಿರೀಕ್ಷೆಗೆ ಮೀರಿದ್ದು ಘಟಿಸಿದ ಕಡೆ ಉಪಜ್ಞೆಯ ವಾಸನೆ ಇರುತ್ತದೆ. ಕಾಲು ಪಾವಿನ ಮಹಿಮೆ ಸಿದ್ಧವಾಗುವುದು ಆಚೀಚೆಯ ಪಾವುಗಳ ಸೋಲಿನಿಂದ. ನಮ್ಮಲ್ಲಿ ಅನೇಕ ಅರ್ಜಿಗಳು ಸೊರಗುವುದು ಇಲ್ಲೇ. ಗೆದ್ದ ಪ್ರಯೋಗವನ್ನು ವರ್ಣಿಸುವ ಉತ್ಸಾಹದಲ್ಲಿ ಸೋತ ಪ್ರಯೋಗಗಳನ್ನು ಬರೆದಿಡುವುದೇ ಮರೆತುಹೋಗಿರುತ್ತದೆ.

ಕಾಯಿದೆಯ ವಿವರಣೆಯಲ್ಲಿರುವ 'ಕಣದ ಗಾತ್ರ' ಎಂಬ ಮಾತಂತೂ ಈ ಕ್ಷೇತ್ರದವರಿಗೆ ಕಾಲಿಗೆ ಸಿಕ್ಕುವ ಮುಳ್ಳು. ಸಾಮಾನ್ಯವಾಗಿ ಕ್ಯಾಥೋಡಿನ ಒಂದೊಂದು ಕಣವೂ ನೂರಾರು ಸಣ್ಣ ಸ್ಫಟಿಕಗಳು ಮೆತ್ತಿಕೊಂಡ ರವೆಯುಂಡೆಯಂತೆ. ಬಿರುಕು ಬೀಳುವುದು ಆ ಸ್ಫಟಿಕಗಳ ಸಂದುಗಳಲ್ಲಿ. ಇಡೀ ಕಣವನ್ನು ಒಂದೇ ಸ್ಫಟಿಕವಾಗಿ ಬೆಳೆಸಿದರೆ? ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾನಿಲಯದ ಜೆಫ್ ಡಾನ್ ಅವರ ತಂಡ 2019ರಲ್ಲಿ ಇಂಥ ಏಕಸ್ಫಟಿಕದ ಪುಡಿಯಿಂದ ಮಾಡಿದ ಕೋಶಗಳ ದೀರ್ಘ ಪರೀಕ್ಷೆಯನ್ನು ಪ್ರಕಟಿಸಿತು; ಅದರಿಂದ ವಾಹನವೊಂದು 16 ಲಕ್ಷ ಕಿಲೋಮೀಟರು ಓಡಬಹುದೆಂದು ಲೆಕ್ಕ ಹಾಕಿದರು. ಅದರಲ್ಲಿ ನಿಕಲ್ಲಿನ ಪಾಲು ಅರ್ಧದಷ್ಟೇ. ಆದರೆ ಉಪಾಯ ನಿಕಲ್ ಸಮೃದ್ಧ ಪುಡಿಗೂ ಹರಡಿದೆ. ರವೆಯುಂಡೆಯೋ ಕಲ್ಲುಸಕ್ಕರೆಯೋ ಎಂಬಷ್ಟು ಭೇದವನ್ನು ಬರಿಯ 'ಕಣದ ಗಾತ್ರ' ಎಂದು ತಳ್ಳಿಹಾಕಲಾಗದು; ತಳ್ಳಿಹಾಕದಂತೆ ಅಂಕಿಗಳನ್ನಿಟ್ಟು ತೋರಿಸುವ ಹೊಣೆ ಅರ್ಜಿದಾರನದು.

ಕಣದ ಒಳಗೆ ಏನಿದೆ?

ಪಾಲಿನ ಅಂಕಿಗಿಂತ ಕಣದ ಒಳಗಿನ ಕಟ್ಟಡಕ್ಕೆ ಹಕ್ಕು ಕೇಳಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದಲ್ಲಿ ದೊಡ್ಡ ಮೊಕದ್ದಮೆಯೇ ನಡೆದಿದೆ. ಷಿಕಾಗೋ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಮೈಕೆಲ್ ಥ್ಯಾಕರೆ, ಖಲೀಲ್ ಅಮೀನ್ ಮೊದಲಾದವರು 2001ರಲ್ಲಿ ಅರ್ಜಿ ಹಾಕಿ 2004ರಲ್ಲಿ ಎರಡು ಪೇಟೆಂಟು ಪಡೆದರು. ಅವರು ಕೇಳಿದ್ದು ಇಷ್ಟು ನಿಕಲ್, ಇಷ್ಟು ಮ್ಯಾಂಗನೀಸ್ ಎಂಬ ಪಾಲನ್ನಷ್ಟೇ ಅಲ್ಲ. ಒಂದೇ ಕಣದಲ್ಲಿ ಎರಡು ಬಗೆಯ ಕಟ್ಟಡಗಳು, ಲಿಥಿಯಂ ಹೆಚ್ಚಾದ ಮ್ಯಾಂಗನೀಸಿನದೊಂದು ಮತ್ತು ನಿಕಲ್ ಮುಂತಾದವುಗಳದೊಂದು, ಹಾಲುಜೇನಿನಂತೆ ಬೆರೆತಿರಬೇಕೆಂಬುದು ಅವರ ಹಕ್ಕಿನ ತಿರುಳು. ಈ ಹಕ್ಕನ್ನು ಜರ್ಮನಿಯ ಬಿಎಎಸ್‌ಎಫ್ ಕಂಪೆನಿ ಲೈಸೆನ್ಸು ಮೂಲಕ ಪಡೆಯಿತು. 2015ರಲ್ಲಿ ಆರ್ಗಾನ್ ಮತ್ತು ಬಿಎಎಸ್‌ಎಫ್ ಕೂಡಿ ಬೆಲ್ಜಿಯಮ್ಮಿನ ಉಮಿಕೋರ್ ಕಂಪೆನಿಯ ಮೇಲೆ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟವು. "ನಿಮ್ಮ ಪುಡಿಯೊಳಗೆ ನಮ್ಮ ಕಟ್ಟಡವಿದೆ!"

ಕಣ್ಣಿಗೆ ಕಾಣದ ಕಣದೊಳಗೆ, ಅದಕ್ಕಿಂತ ಸಾವಿರ ಪಟ್ಟು ಚಿಕ್ಕದಾದ ಪ್ರದೇಶವೊಂದು ಇದೆಯೋ ಇಲ್ಲವೋ ಎಂದು ಎರಡು ಪಕ್ಷದ ಪಂಡಿತರೂ ವಾದಿಸಿದರು. ನೆರೆಮನೆಯವನ ಗೋಡೆ ನಮ್ಮ ನಿವೇಶನದೊಳಗೆ ಒಂದು ಗೇಣು ಬಂದಿದೆಯೆಂಬ ವ್ಯಾಜ್ಯಕ್ಕೆ ಅಮೀನರು ಸರಪಳಿ ಹಿಡಿದು ಬಂದರೆ ಸಾಕು. ಇಲ್ಲಿ ಸರಪಳಿ ಹಿಡಿಯಬೇಕಾದದ್ದು ಪರಮಾಣುಗಳ ನಡುವೆ. 2016ರ ಡಿಸೆಂಬರಿನಲ್ಲಿ ಆಯೋಗ ಆರ್ಗಾನ್ ಪಕ್ಷಕ್ಕೆ ಒಲಿದು, ಉಮಿಕೋರಿನ ಆ ಸರಕು ಅಮೆರಿಕಕ್ಕೆ ಬರದಂತೆ ನಿರ್ಬಂಧ ಹಾಕಿತು. ಅದು ನಿಕಲ್ ಸಮೃದ್ಧ ಪುಡಿಗೇ ಸೀಮಿತವಾದ ಜಗಳವಲ್ಲ, ಮೂರು ಲೋಹಗಳ ಇಡೀ ವಂಶದ ಜಗಳ. ನಿಕಲ್ ಸಮೃದ್ಧವೂ ಆ ವಂಶದ ಕುಡಿಯೇ.

ಈ ಕಥೆಯ ಮುಂದಿನ ಭಾಗ ಇನ್ನೂ ಗಮನಾರ್ಹ. 2021ರ ಮೇ ತಿಂಗಳಿನಲ್ಲಿ ಬಿಎಎಸ್‌ಎಫ್ ಮತ್ತು ಉಮಿಕೋರ್ ಪರಸ್ಪರ ಕೈಕುಲುಕಿದವು. ಕ್ಯಾಥೋಡಿಗೆ ಸಂಬಂಧಪಟ್ಟ ನೂರಕ್ಕೂ ಹೆಚ್ಚು ಪೇಟೆಂಟು ಕುಟುಂಬಗಳನ್ನು ಒಬ್ಬರದನ್ನೊಬ್ಬರು ಬಳಸಬಹುದೆಂದು ಒಪ್ಪಂದವಾಯಿತು. ಜಗಳ ಮುಗಿದದ್ದು ಒಳ್ಳೆಯದೇ. ಆದರೆ ಇಬ್ಬರು ಶ್ರೀಮಂತ ನೆರೆಹೊರೆಯವರು ನಡುಬೇಲಿ ಕಿತ್ತು ಹೊರಬೇಲಿ ಬಿಗಿ ಮಾಡಿಕೊಂಡರೆ, ತಡವಾಗಿ ಬಂದ ಮೂರನೆಯವನು ಎಲ್ಲಿ ನಿಲ್ಲಬೇಕು? ಕೊರಿಯ, ಜಪಾನ್, ಚೀನಗಳ ಕಂಪೆನಿಗಳಿಗೆ ಅವರವರದೇ ಹೊಲಗಳುಂಟು. ತಡವಾಗಿ ಬಂದವರ ಸಾಲಿನಲ್ಲಿ ನಿಂತಿರುವುದು ಭಾರತ. ಬೆಂಗಳೂರಿನ ಓಲಾ ಕಂಪೆನಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟುಗಳ ಸ್ವದೇಶಿ ಕೋಶವೆಂದು ಒಂದನ್ನು ಅನಾವರಣ ಮಾಡಿದ್ದು 2022ರ ಜುಲೈಯಲ್ಲಿ. ಸೋನಿಯ ಕೋಶ ಬಂದು ಅಷ್ಟು ಹೊತ್ತಿಗೆ ಮೂವತ್ತೊಂದು ವರ್ಷ.

ಹೆಸರು ಒಬ್ಬರದು, ಹಕ್ಕು ಇನ್ನೊಬ್ಬರದು

ತಡವಾದದ್ದು ನಮಗೆ ಬುದ್ಧಿ ಇಲ್ಲದೆ ಅಲ್ಲ. ಕಬ್ಬಿಣ ಮತ್ತು ಫಾಸ್ಫೇಟಿನ ಕ್ಯಾಥೋಡ್ ಇಂದು ನಿಕಲ್ಲಿಗೆ ದೊಡ್ಡ ಪ್ರತಿಸ್ಪರ್ಧಿ. ಶಕ್ತಿ ಕಡಿಮೆ, ಆದರೆ ಅಗ್ಗ ಮತ್ತು ಸಾಧು. 1997ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಕನ್ನಡದ ಕಿವಿಗೆ ಮನೆಯ ಹೆಸರಿನಂತಿರುವ ಕೆ. ಎಸ್. ನಂಜುಂಡಸ್ವಾಮಿಯವರು ಅದಕ್ಕೆ ಮುನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದವರು. ಅಮೆರಿಕದ ಪೇಟೆಂಟಿನಲ್ಲಿಯೂ ಅವರ ಹೆಸರು ಉಪಜ್ಞೆಕಾರರ ಸಾಲಿನಲ್ಲಿದೆ. ಒಡೆತನ ಮಾತ್ರ ಟೆಕ್ಸಾಸ್ ವಿಶ್ವವಿದ್ಯಾನಿಲಯದ್ದು. ಆ ಒಡೆತನವೂ ನಿರಾತಂಕವಾಗಿ ನಡೆಯಲಿಲ್ಲ. ಆ ಪ್ರಯೋಗಶಾಲೆಗೆ ಅತಿಥಿ ಸಂಶೋಧಕನನ್ನು ಕಳಿಸಿದ್ದ ಜಪಾನಿನ ಎನ್‌ಟಿಟಿ ಕಂಪೆನಿ 1995ರಲ್ಲೇ ತನ್ನ ದೇಶದಲ್ಲಿ ಅರ್ಜಿ ಹಾಕಿತ್ತು. ದಾವೆ ಹೂಡಿ, ವರ್ಷಗಟ್ಟಲೆ ಎಳೆದು, 2008ರಲ್ಲಿ ಮೂರು ಕೋಟಿ ಡಾಲರಿಗೆ ರಾಜಿಯಾಯಿತು.

ಗುಡ್‌ಇನಫ್ ಅವರ ಮೊದಲಿನ ಅನುಭವ ಇದಕ್ಕಿಂತ ಕಹಿ. ಕೋಬಾಲ್ಟ್ ಕ್ಯಾಥೋಡಿಗೆ ಪೇಟೆಂಟು ಮಾಡಿಸಲು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಆಸಕ್ತಿ ತೋರಲಿಲ್ಲ. ಬ್ರಿಟಿಷ್ ಸರ್ಕಾರದ ಹಾರ್ವೆಲ್ ಪರಮಾಣು ಪ್ರಯೋಗಾಲಯ ಖರ್ಚು ವಹಿಸಿಕೊಂಡು ಹಕ್ಕುಗಳನ್ನು ಬರೆಸಿಕೊಂಡಿತು. ಮುಂದೆ ಹಣ ಬಂದದ್ದು ಆ ಪ್ರಯೋಗಾಲಯಕ್ಕೆ. 2019ರಲ್ಲಿ, ತಮ್ಮ ತೊಂಬತ್ತೇಳನೆಯ ವಯಸ್ಸಿನಲ್ಲಿ, ನೊಬೆಲ್ ಬಹುಮಾನ ಪಡೆದು 2023ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡ ಆ ಹಿರಿಯರಿಗೆ ಜಗತ್ತಿನ ಜೇಬು ಜೇಬಿನಲ್ಲಿದ್ದ ಕೋಶಗಳಿಂದ ಕಾಸೂ ಬರಲಿಲ್ಲ.

ಹೂಡಿಯ ಸುತ್ತಲಿನ ಕಚೇರಿಗಳಲ್ಲಿ ದುಡಿಯುವ ಸಾವಿರಾರು ಇಂಜಿನಿಯರುಗಳಿಗೆ ಈ ಕಥೆ ದೂರದ್ದಲ್ಲ. ನೌಕರಿಗೆ ಸೇರುವ ದಿನ ಸಹಿ ಹಾಕಿದ ಕಾಗದದಲ್ಲಿ, ಮುಂದೆ ತಾನು ಕಂಡುಹಿಡಿಯುವುದೆಲ್ಲ ಕಂಪೆನಿಯದೆಂದು ಸಾಮಾನ್ಯವಾಗಿ ಬರೆದಿರುತ್ತದೆ. ನೌಕರನಿಗೆ ಇಷ್ಟು ಭಾಗ ಸಲ್ಲಬೇಕೆಂಬ ನಿಯಮ ನಮ್ಮ ಪೇಟೆಂಟು ಕಾಯಿದೆಯಲ್ಲಿ ಇಲ್ಲ. 28ನೆಯ ಕಲಮಿನ ಮೇರೆಗೆ ಪೇಟೆಂಟಿನಲ್ಲಿ ತನ್ನ ಹೆಸರನ್ನು ಉಪಜ್ಞೆಕಾರನೆಂದು ನಮೂದಿಸುವಂತೆ ಕೇಳಬಹುದು. ಹೆಸರು ಬಂದ ಮಾತ್ರಕ್ಕೆ ಹಕ್ಕು ಬರುವುದಿಲ್ಲವೆಂದೂ ಅದೇ ಕಲಮು ಹೇಳುತ್ತದೆ. ಮದುವೆಯ ಕರೆಯೋಲೆಯಲ್ಲಿ ಸೋದರಮಾವನ ಹೆಸರು ಅಚ್ಚಾದ ಹಾಗೆ! ಇನ್ನು 39ನೆಯ ಕಲಮು: ಭಾರತದಲ್ಲಿ ವಾಸವಾಗಿರುವವರು ಅನುಮತಿಯಿಲ್ಲದೆ ಮೊದಲು ಹೊರದೇಶದಲ್ಲಿ ಅರ್ಜಿ ಹಾಕುವಂತಿಲ್ಲ. ಅನುಮತಿ ಪಡೆಯಬೇಕು, ಇಲ್ಲವೇ ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು. ಕಂಪೆನಿಯ ತವರು ಅಮೆರಿಕವಾದರೂ ಕಂಡುಹಿಡಿದವನು ಹೂಡಿಯಲ್ಲಿದ್ದರೆ ಈ ನಿಯಮ ತಪ್ಪಿದ್ದಲ್ಲ.

ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಅಪಾಯ ಇನ್ನೊಂದು ಬಗೆಯದು. ಪ್ರಬಂಧ ಪ್ರಕಟವಾದರೆ ಬಡ್ತಿ. ಆದ್ದರಿಂದ ಮೊದಲು ಪ್ರಕಟಣೆ, ಆಮೇಲೆ ಅರ್ಜಿ. ಹೀಗೆ ಮಾಡಿದರೆ ತನ್ನ ಪ್ರಬಂಧವೇ ತನ್ನ ಅರ್ಜಿಗೆ ಮೊದಲ ವೈರಿ. ವಿದ್ವತ್ ಸಭೆಯಲ್ಲಿ ಓದಿದ ಅಥವಾ ಆ ಸಭೆಯ ನಡಾವಳಿಯಲ್ಲಿ ಅಚ್ಚಾದ ಪ್ರಬಂಧಕ್ಕೆ ಹನ್ನೆರಡು ತಿಂಗಳ ರಿಯಾಯಿತಿಯನ್ನು ನಮ್ಮ ಕಾಯಿದೆ ಕೊಟ್ಟಿದೆಯಾದರೂ ಅದು ಕಿರಿದಾದ ಕಿಂಡಿ. ಯೂರೋಪಿನಲ್ಲಂತೂ ಅಷ್ಟೂ ಇಲ್ಲ. ಹಣದ ತೊಂದರೆ ಈಗ ನೆಪವಾಗಲಾರದು. 2021ರ ನಿಯಮಗಳಿಂದ ವಿದ್ಯಾಸಂಸ್ಥೆಗಳಿಗೆ ಶುಲ್ಕದಲ್ಲಿ ನೂರಕ್ಕೆ ಎಂಬತ್ತರಷ್ಟು ವಿನಾಯಿತಿ ದೊರೆತಿದೆ.

ತಡವಾಗಿ ಬಂದವರಿಗೆ ನಮ್ಮ ಕಾಯಿದೆ ಕೊಟ್ಟಿರುವ ಆಯುಧವೊಂದನ್ನು ಹೇಳದೆ ಬಿಟ್ಟರೆ ಲೋಪವಾದೀತು. ಅರ್ಜಿ ಹಾಕಿದ ಹದಿನೆಂಟು ತಿಂಗಳ ಮೇಲೆ ಅದು ಪ್ರಕಟವಾಗುತ್ತದೆ. ಪೇಟೆಂಟು ಕೊಡುವುದಕ್ಕೆ ಮುಂಚೆ ಯಾರು ಬೇಕಾದರೂ, ಅಕ್ಷರಶಃ ಯಾರು ಬೇಕಾದರೂ, ಅದಕ್ಕೆ ತಕರಾರು ಸಲ್ಲಿಸಬಹುದು. ಔಷಧಿಗಳ ವಿಷಯದಲ್ಲಿ ರೋಗಿಗಳ ಸಂಘಗಳು ಈ ಹಕ್ಕನ್ನು ಚೆನ್ನಾಗಿ ಉಪಯೋಗಿಸಿವೆ. ಹೊರದೇಶದ ಕಂಪೆನಿಯೊಂದು ಎಂಬತ್ತರಿಂದ ತೊಂಬತ್ತೈದರವರೆಗಿನ ನಿಕಲ್ಲೆಲ್ಲ ತನ್ನದೆಂದು ಚೆನ್ನೈಯಲ್ಲೋ ದೆಹಲಿಯಲ್ಲೋ ಕೇಳಿದರೆ, ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯೂ ಹಳೆಯ ಪ್ರಬಂಧಗಳನ್ನು ಜೋಡಿಸಿ ತಕರಾರು ಬರೆಯಬಲ್ಲ. ನಮ್ಮ ವಿಶ್ವವಿದ್ಯಾನಿಲಯಗಳು ಇದನ್ನು ಪಾಠದ ಅಂಗವಾಗಿಯೇ ಏಕೆ ಮಾಡಿಸಬಾರದು? ಗ್ರಂಥಾಲಯದಲ್ಲಿ ಕುಳಿತು ದೇಶಸೇವೆ ಮಾಡುವ ಅವಕಾಶ ಪದೇ ಪದೇ ಬರುವುದಿಲ್ಲ.

ಆರ್ಗಾನ್ ಪ್ರಯೋಗಾಲಯದ ಆ ಎರಡು ಪೇಟೆಂಟುಗಳ ಅರ್ಜಿ ಬಿದ್ದದ್ದು 2001ರಲ್ಲಿ. ಇಪ್ಪತ್ತು ವರ್ಷದ ಲೆಕ್ಕಕ್ಕೆ ಅವುಗಳ ಅವಧಿ ತೀರಿದೆ. ಅವುಗಳಲ್ಲಿ ವಿವರಿಸಿದ ಆ ಜೋಡಿ ಕಟ್ಟಡ ಈಗ ಸಾರ್ವಜನಿಕರ ಸ್ವತ್ತು. ತೀರದೆ ಉಳಿದಿರುವುದು ಲೇಪನಗಳ ಹಕ್ಕು, ಏಕಸ್ಫಟಿಕದ ಹಕ್ಕು, ಕಣದ ನಡುವಿನಲ್ಲಿ ನಿಕಲ್ ಹೆಚ್ಚಿಟ್ಟು ಅಂಚಿಗೆ ಬರಬರುತ್ತ ಕಡಿಮೆ ಮಾಡುವ ಉಪಾಯದ ಹಕ್ಕು. ಪೇಟೆಂಟು ಕಚೇರಿಯ ಅಂತರ್ಜಾಲ ಪುಟದಲ್ಲಿ ಪ್ರಕಟವಾದ ಅರ್ಜಿಗಳನ್ನು ಯಾರೂ ಬಿಟ್ಟಿಯಾಗಿ ಓದಬಹುದು. ಹೂಡಿಯ ತರುಣನು ಕುಲುಮೆ ಹಚ್ಚುವ ಮುನ್ನ ಒಂದು ವಾರ ಅಲ್ಲಿ ಕೂರುವುದು ಮೇಲು. ತನ್ನ ಎಂಬತ್ತಮೂರನ್ನು ಬೇರೆ ಯಾರಾದರೂ ಆಗಲೇ ಬರೆದಿಟ್ಟಿದ್ದಾರೆಯೇ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.